ಕಡಲಿನಲ್ಲಿ ಬೋಟಿನ ಎಂಜಿನ್ ಕೈಕೊಟ್ಟರೆ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟದ ಹಾದಿಯಾಗಿ ಕಾರವಾರಕ್ಕೆ ಸುಮಾರು 160 ಕಿ.ಮೀ. ಆಗುತ್ತದೆ. ನಾಲ್ಕಾರು ಜನ ಕೂಡಿ ಒಂದು ಬೋಟು ಕೊಂಡು, ಅದನ್ನು ಕಾಳಿ ನದಿಯಲ್ಲೋ ತದಡಿಯಲ್ಲೋ ಹೊನ್ನಾವರದಲ್ಲೋ ಕಟ್ಟಿಟ್ಟು, ಮಳೆಗಾಲ ಕಳೆದ ಮೇಲೆ ಕರಾವಳಿಯುದ್ದಕ್ಕೂ ಓಡಾಡಬೇಕೆನ್ನುವ ನಮ್ಮ ಭಾಗದ ಹವ್ಯಾಸಿಗಳಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಒಳಗೆ ಕೂರಿಸಿದ ಡೀಸೆಲ್ ಎಂಜಿನ್ ಇರುವ ಸಣ್ಣ ಬೋಟು ಇದರ ಮುಖ್ಯ ವಿಷಯ. ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿನ ಮಾತು ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಎಂಜಿನ್ ವಿಷಯದಲ್ಲಿ ನಮ್ಮವರು ತೀರ ಹೊಸಬರೇನಲ್ಲ. ರೋಣ, ನರಗುಂದ, ಸವಣೂರು, ರಾಣೆಬೆನ್ನೂರಿನ ಕಡೆ ಡೀಸೆಲ್ ಪಂಪ್‌ಸೆಟ್ಟಿನ ಏರ್ (ಡೀಸೆಲ್ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯುವುದನ್ನು, ಟ್ರ್ಯಾಕ್ಟರಿನ ಫಿಲ್ಟರ್ ಬದಲಿಸುವುದನ್ನು ಬಲ್ಲವರು ಊರೂರಿಗೆ ಸಿಗುತ್ತಾರೆ. ಆ ಅನುಭವ ಬೋಟಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಮೂರು ವಿಷಯಗಳಲ್ಲಿ ಬೋಟು ಬೇರೆ. ಹೊಲದಲ್ಲಿ ಕೆಟ್ಟ ಎಂಜಿನ್ ಕೆಟ್ಟಲ್ಲಿಯೇ ಇರುತ್ತದೆ, ಕಡಲಿನಲ್ಲಿ ಕೆಟ್ಟದ್ದು ಗಾಳಿ ಮತ್ತು ಸೆಳೆತ ಒಯ್ದತ್ತ ಬೋಟನ್ನೂ ಒಯ್ಯುತ್ತದೆ. ಬೋಟಿನ ಎಂಜಿನ್ನಿಗೆ ರೇಡಿಯೇಟರಿನ ಬದಲು ಕಡಲ ನೀರೇ ತಂಪು ಕೊಡುತ್ತದೆ, ಆ ನೀರಿನ ಜೊತೆಗೆ ಕಸವೂ ಉಪ್ಪೂ ಒಳಗೆ ಬರುತ್ತವೆ. ಮೂರನೆಯದಾಗಿ, ಡೀಸೆಲ್ ಟ್ಯಾಂಕು ಅಲೆಗಳಿಗೆ ಸಿಕ್ಕು ಎಡೆಬಿಡದೆ ಕುಲುಕುತ್ತಿರುವುದರಿಂದ, ದಡದಲ್ಲಿ ತಳಕ್ಕೆ ಕುಳಿತಿದ್ದ ಕೊಳೆಯೆಲ್ಲ ಸರಿಯಾಗಿ ಕಡಲು ಏರಿದ ಹೊತ್ತಿನಲ್ಲಿಯೇ ಎದ್ದು ಫಿಲ್ಟರಿಗೆ ಬರುತ್ತದೆ.

ನಡುಗಡಲಿನಲ್ಲಿ ನಿಲ್ಲುವ ಡೀಸೆಲ್ ಎಂಜಿನ್ನುಗಳಲ್ಲಿ ಹೆಚ್ಚಿನವು ಒಳಗೆ ಏನೋ ಮುರಿದು ನಿಂತಿರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳೆಯಾದ ಡೀಸೆಲ್ಲು, ಕಟ್ಟಿಕೊಂಡ ತಂಪುನೀರು, ತುಕ್ಕು ಹಿಡಿದ ಬ್ಯಾಟರಿ ತಂತಿ, ಫ್ಯಾನಿಗೆ (ಪ್ರೊಪೆಲ್ಲರಿಗೆ) ಸುತ್ತಿದ ಬಲೆ, ಈ ನಾಲ್ಕನ್ನು ಕ್ರಮವಾಗಿ ನೋಡಿ ಮುಗಿಸುವ ಮೊದಲು ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆ ಪಾನಾ ಹಚ್ಚಬಾರದು.

ಪಾನಾ ಹಿಡಿಯುವ ಮೊದಲು

ಎಂಜಿನ್ ನಿಂತ ಕೂಡಲೇ ಎಲ್ಲರೂ ಎಂಜಿನ್ ಗುಂಡಿಯೊಳಗೆ ಬಗ್ಗಿ ನೋಡುವುದು ಸಾಮಾನ್ಯ ದೃಶ್ಯ. ನೋಡಬೇಕಾದದ್ದು ಮೊದಲು ಹೊರಗೆ. ದಡ ಎಷ್ಟು ದೂರ, ಬಂಡೆ ಯಾವ ಕಡೆ, ಗಾಳಿ ಎತ್ತ ಬೀಸುತ್ತಿದೆ, ಕೆಳಗೆ ಎಷ್ಟು ಆಳವಿದೆ ಎಂಬುದನ್ನು ತಿಳಿದುಕೊಂಡು, ಲಂಗರು ನಿಲ್ಲುವ ಆಳವಿದ್ದರೆ ತಕ್ಷಣ ಲಂಗರು ಇಳಿಸಬೇಕು. ಆಳದ 5 ಪಟ್ಟು, ಗಾಳಿ ಜೋರಾಗಿದ್ದರೆ 7 ಪಟ್ಟು ಉದ್ದದ ಹಗ್ಗ-ಸರಪಳಿ ಬಿಟ್ಟರೆ ಮಾತ್ರ ಅದು ನೆಲ ಕಚ್ಚುತ್ತದೆ. 10 ಮೀಟರ್ ಆಳದಲ್ಲಿ 15 ಮೀಟರ್ ಹಗ್ಗ ಬಿಟ್ಟು ಲಂಗರು ಹಿಡಿಯುತ್ತಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಒಬ್ಬರನ್ನು ಮೇಲೆ ಕಾವಲಿಗೆ ನಿಲ್ಲಿಸಿಯೇ ಕೆಳಗಿಳಿಯಬೇಕು.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಸಾಮಾನ್ಯವಾಗಿ ಕಡಲಿನಿಂದ ನೆಲದತ್ತ ಬೀಸುತ್ತದೆ, ಬೆಳಗಿನ ಜಾವ ನೆಲದಿಂದ ಕಡಲಿನತ್ತ. ಹಾಗಾಗಿ ಸಂಜೆ ನಾಲ್ಕಕ್ಕೆ ಗೋಕರ್ಣದ ಬಂಡೆಗಳ ಮುಂದೆ ಎಂಜಿನ್ ನಿಂತರೆ ಕೈಯಲ್ಲಿರುವ ಸಮಯ ಬಹಳ ಕಡಿಮೆ. ಬೆಳಗ್ಗೆ ಆರಕ್ಕೆ ನಿಂತರೆ ಸಮಯವಿರುತ್ತದೆ, ಆದರೆ ಬೋಟು ಮೊಬೈಲ್ ಸಿಗ್ನಲ್ಲಿನ ಆಚೆಗೆ ತೇಲಿ ಹೋಗುತ್ತಿರುತ್ತದೆ. ಇನ್ನೊಂದು ಕಟ್ಟುನಿಟ್ಟಿನ ಮಾತು: ಎಂಜಿನ್ ಮೇಲೆ ಅನುಮಾನವಿದ್ದಾಗ ಹೊನ್ನಾವರ, ಗಂಗೊಳ್ಳಿಯಂಥ ಅಳಿವೆಗಳ ಬಾಯಿಗೆ ಹೋಗಬಾರದು. ಮರಳದಿಬ್ಬದ ಮೇಲೆ ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗಿ ಮಗುಚುತ್ತದೆ. ಹೊರಗೆ ಲಂಗರು ಹಾಕಿ, ರಿಪೇರಿ ಮುಗಿಸಿ, ಉಬ್ಬರದ ಹೊತ್ತು ನೋಡಿ ಒಳಗೆ ಬರುವುದೇ ಸರಿ.

ಕೀಲಿ ತಿರುವಿದರೆ ಎಂಜಿನ್ ತಿರುಗುವುದೇ ಇಲ್ಲ

ಗೇರು ನ್ಯೂಟ್ರಲ್‌ನಲ್ಲಿ ಇದೆಯೇ, ಬ್ಯಾಟರಿಯ ಮುಖ್ಯ ಸ್ವಿಚ್ ಹಾಕಿದೆಯೇ ಎಂದು ನೋಡುವುದಕ್ಕೆ ಖರ್ಚಿಲ್ಲ. ಎಷ್ಟೋ ಬೋಟುಗಳಲ್ಲಿ ಗೇರು ಬಿದ್ದಿದ್ದರೆ ಸೆಲ್ಫ್ ಹೊಡೆಯದಂತೆ ತಡೆಯುವ ಸ್ವಿಚ್ ಇರುತ್ತದೆ. ಹಿಡಿಯನ್ನು ಒಂದೆರಡು ಸಲ ಹಿಂದೆ ಮುಂದೆ ಆಡಿಸಿ ಮತ್ತೆ ನ್ಯೂಟ್ರಲ್‌ಗೆ ತಂದರೆ ಕೆಲವು ಸಲ ಅಷ್ಟಕ್ಕೇ ಕೆಲಸವಾಗುತ್ತದೆ.

ಆಮೇಲೆ ಒಳಗಿನ ಒಂದು ದೀಪ ಹಚ್ಚಿಟ್ಟು ಕೀಲಿ ತಿರುವಬೇಕು. ದೀಪ ಪೂರ್ತಿ ಮಂಕಾಗಿ ಟಕ್ ಟಕ್ ಎಂಬ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲಾಗಿದೆ. ದೀಪ ಮಂಕಾಗದೆ ಒಂದೇ ಒಂದು ಟಕ್ ಬಂದರೆ ಸೆಲ್ಫ್ ಮೋಟರಿನ ಸಾಲನಾಯ್ಡ್ (ವಿದ್ಯುತ್ತಿನಿಂದ ಎಳೆಯುವ ಸ್ವಿಚ್) ಅಥವಾ ಅದರ ದಪ್ಪ ತಂತಿಯ ಮೇಲೆ ಅನುಮಾನ. ಏನೂ ಸದ್ದೇ ಇಲ್ಲದಿದ್ದರೆ ಕೀಲಿಯ ಸ್ವಿಚ್, ಫ್ಯೂಸ್ ಅಥವಾ ಸಣ್ಣ ತಂತಿಯ ತುದಿ. ಮಲ್ಟಿಮೀಟರ್ ಇದ್ದರೆ ಹೆಚ್ಚು ನಿಖರ: ಬಿಡುವಾಗಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಅದರಿಂದ ಎಂಜಿನ್ ತಿರುಗುವ ಆಸೆ ಇಟ್ಟುಕೊಳ್ಳಬಾರದು. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 10 ವೋಲ್ಟಿಗಿಂತ ಕೆಳಗಿಳಿದರೆ ಅದರ ಆಯುಷ್ಯ ಮುಗಿದಿದೆ.

ಉಪ್ಪುಗಾಳಿಯಲ್ಲಿ ಟರ್ಮಿನಲ್ಲಿನ ಮೇಲೆ ಹಸಿರು-ಬಿಳಿ ಪುಡಿ ಕಟ್ಟುವುದು ವಾರಗಳ ಮಾತು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಉಜ್ಜಿ ಹೊಳಪು ಬರಿಸಿ, ಹಾಕುವಾಗ ಪಾಸಿಟಿವ್ ಮೊದಲು ಹಾಕಿ ಬಿಗಿ ಮಾಡಬೇಕು. ಎಂಜಿನ್ ಬ್ಲಾಕಿಗೆ ಬರುವ ಅರ್ಥಿಂಗ್ ತಂತಿಯ ತುದಿಯನ್ನು ಮರೆಯುವವರೇ ಹೆಚ್ಚು. ಅದನ್ನೂ ಬಿಚ್ಚಿ ಉಜ್ಜಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಅನಿಲ ಒಂದು ಕಿಡಿಗೆ ಸಿಡಿಯುತ್ತದೆ, ಆದ್ದರಿಂದ ಬೀಡಿ-ಸಿಗರೇಟು ದೂರವಿರಲಿ, ಪಾನಾ ಎರಡೂ ಟರ್ಮಿನಲ್‌ಗೆ ತಾಗದಿರಲಿ. ಲಾರಿ ಗ್ಯಾರೇಜಿನಲ್ಲಿ ಮಾಡುವಂತೆ ಸ್ಕ್ರೂ ಡ್ರೈವರ್ ಅಡ್ಡ ಹಿಡಿದು ಸೆಲ್ಫ್ ಹೊಡೆಸುವ ಉಪಾಯವನ್ನು ಪೆಟ್ರೋಲ್ ಎಂಜಿನ್ ಇರುವ ಬೋಟಿನ ಮುಚ್ಚಿದ ಗುಂಡಿಯಲ್ಲಿ ಎಂದೂ ಮಾಡಬಾರದು.

ಬ್ಯಾಟರಿ ಗಟ್ಟಿಯಾಗಿದ್ದು, ಸೆಲ್ಫ್ ಒಮ್ಮೆ ತಟ್ಟಿ ಎಂಜಿನ್ ಗಪ್ಪನೆ ನಿಲ್ಲುತ್ತದೆ ಎಂದಾದರೆ ಮತ್ತೆ ಮತ್ತೆ ಹೊಡೆಯುವುದನ್ನು ಬಿಡಬೇಕು. ಸೈಲೆನ್ಸರಿನಿಂದ ಹಿಂದಕ್ಕೆ ಬಂದ ಕಡಲ ನೀರು ಸಿಲಿಂಡರಿನಲ್ಲಿ ನಿಂತಿರಬಹುದು. ನೀರು ಹಿಚುಕಿದರೆ ಕುಗ್ಗುವುದಿಲ್ಲ, ಬದಲಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ

ನಿಲ್ಲಿಸುವ ಹಿಡಿ ಎಳೆದೇ ಉಳಿದಿದೆಯೇ, ಟ್ಯಾಂಕಿನ ಕಾಕ್ ತೆರೆದಿದೆಯೇ, ಟ್ಯಾಂಕಿನಲ್ಲಿ ನಿಜವಾಗಿ ಡೀಸೆಲ್ ಇದೆಯೇ ಎಂಬ ಮೂರನ್ನು ನೋಡಿ. ಅಲುಗುವ ಬೋಟಿನಲ್ಲಿ ಗೇಜನ್ನು ನಂಬುವ ಹಾಗಿಲ್ಲ, ಕೋಲು ಇಳಿಸಿ ನೋಡಬೇಕು.

ಮುಂದೆ ದಾರಿ ತೋರಿಸುವುದು ಹೊಗೆ. ಸೆಲ್ಫ್ ತಿರುಗುವಾಗ ಹೊಗೆಕೊಳವೆಯಿಂದ ಏನೂ ಬರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ; ಮುಂದಿನ ವಿಭಾಗದ ಕೆಲಸಗಳನ್ನು ಮಾಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ: ಸೆಲ್ಫ್ ನಿಧಾನವಾಗಿ ತಿರುಗುತ್ತಿರಬಹುದು, ಹೀಟರ್ ಪ್ಲಗ್ ಕೆಲಸ ಮಾಡುತ್ತಿಲ್ಲದಿರಬಹುದು, ಗಾಳಿಯ ಫಿಲ್ಟರ್ ಒದ್ದೆಯಾಗಿರಬಹುದು. ಇವೆಲ್ಲ ಸರಿಯಿದ್ದೂ ಬಿಳಿ ಹೊಗೆಯೇ ಬಂದರೆ ಕಂಪ್ರೆಶನ್ ಇಳಿದಿರುವ ಸಾಧ್ಯತೆಯಿದೆ, ಅದಕ್ಕೆ ಕಡಲಿನಲ್ಲಿ ಮದ್ದಿಲ್ಲ.

ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗಿ ಬಂದರೆ ಕಡಲ ನೀರು ಒಳಗೆ ಬರುವ ವಾಲ್ವನ್ನು ಮುಚ್ಚಿಕೊಳ್ಳಬೇಕು. ಎಂಜಿನ್ ಹತ್ತದೆ ಸುಮ್ಮನೆ ತಿರುಗುತ್ತಿರುವಾಗಲೂ ನೀರಿನ ಪಂಪು ನೀರು ತಳ್ಳುತ್ತಿರುತ್ತದೆ. ಅದನ್ನು ಹೊರಕ್ಕೆ ಊದುವ ಹೊಗೆಯ ಒತ್ತಡ ಇಲ್ಲದ್ದರಿಂದ ಸೈಲೆನ್ಸರ್ ತುಂಬಿ, ನೀರು ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ಹತ್ತಿದ ಗಳಿಗೆಯಲ್ಲೇ ವಾಲ್ವ್ ತೆರೆಯಬೇಕು. ಮರೆಯದಿರಲು ಎಂಜಿನ್ ಕೀಲಿಯ ಗೊಂಚಲನ್ನು ಆ ವಾಲ್ವಿನ ಹಿಡಿಗೇ ತೂಗುಹಾಕಿಡುವ ತಾಂಡೇಲರು (ಬೋಟು ನಡೆಸುವವರು) ಇದ್ದಾರೆ. ಎಂಜಿನ್ ಹತ್ತಿಸಲು ಮತ್ತೆ ಕೀಲಿ ಬೇಕೆಂದರೆ ವಾಲ್ವಿನ ಮುಂದೆಯೇ ಹೋಗಬೇಕು.

ಓಡುತ್ತಿದ್ದ ಎಂಜಿನ್ ಉಸಿರು ಕಟ್ಟಿದಂತೆ ಏರಿಳಿದು ನಿಲ್ಲುತ್ತದೆ

ಕರಾವಳಿ ಯಾನದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಹೇಗೆ ನಿಂತಿತು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ವೇಗ ಇಳಿದು, ಮತ್ತೆ ಏರಿ, ಮತ್ತೆ ಇಳಿದು ಕೊನೆಗೆ ನಿಂತಿದ್ದರೆ ಡೀಸೆಲ್ಲಿನ ಕೊರತೆ. ಯಾರೋ ಸ್ವಿಚ್ ಆರಿಸಿದಂತೆ ತಟ್ಟನೆ ನಿಂತಿದ್ದರೆ ಫ್ಯಾನಿಗೆ ಹಗ್ಗ ಸುತ್ತಿದೆ, ಅಥವಾ ನಿಲ್ಲಿಸುವ ಸಾಲನಾಯ್ಡಿನ ತಂತಿ ಕಳಚಿದೆ, ಅಥವಾ ಎಂಜಿನ್ ಸೀಜ್ ಆಗಿದೆ.

ಡೀಸೆಲ್ ಕೊರತೆ ಎಂದಾದರೆ ಬಿಟ್ಟಿ ಪರೀಕ್ಷೆಯೊಂದಿದೆ: ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಗಾಳಿಕೊಳವೆ ಉಪ್ಪಿನಿಂದಲೋ ಕಣಜದ ಮಣ್ಣುಗೂಡಿನಿಂದಲೋ ಕಟ್ಟಿದೆ. ಮುಚ್ಚಳ ಸಡಿಲಿಟ್ಟು ಓಡಿಸಿದರೆ ದಡ ಮುಟ್ಟಬಹುದು.

ಎರಡನೆಯದು ನೀರು ಬೇರ್ಪಡಿಸುವ ಮೊದಲ ಫಿಲ್ಟರಿನ ಬಟ್ಟಲು. ಅದರ ಅಡಿಯ ತಿರುಪನ್ನು ಸಡಿಲಿಸಿ, ಒಂದು ಪಾರದರ್ಶಕ ಬಾಟಲಿಯಲ್ಲಿ ಹಿಡಿದು, ಎರಡು ನಿಮಿಷ ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು. ಒಳ್ಳೆಯ ಡೀಸೆಲ್ಲು ಇಡಿಯಾಗಿ ಒಂದೇ ಬಣ್ಣದಲ್ಲಿ ತಿಳಿಯಾಗಿರುತ್ತದೆ. ನೀರಿದ್ದರೆ ಅದು ತಳದಲ್ಲಿ ಬೇರೆಯಾಗಿ, ಗುಂಡು ಗುಂಡಾಗಿ ಜಾರುತ್ತಾ ಕಾಣುತ್ತದೆ. ನೀರು ಮತ್ತು ಡೀಸೆಲ್ಲು ಕೂಡುವ ಗೆರೆಯಲ್ಲಿ ಕಪ್ಪು ಲೋಳೆಯ ಎಳೆಗಳು ತೇಲುತ್ತಿದ್ದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದೇ ತಿಳಿಯಬೇಕು. ಈ ಜೀವಿಗಳು ಬದುಕುವುದು ಆ ಗೆರೆಯಲ್ಲಿಯೇ, ನೀರಿಲ್ಲದಿದ್ದರೆ ಅವಕ್ಕೆ ನೆಲೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಎಲ್ಲ ಬೋಟುಗಳ ಜೊತೆ ನಮ್ಮ ಬೋಟೂ ಕಟ್ಟಿಯೇ ಇರುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದರೆ ಆ ಜೌಗು ಗಾಳಿಯ ತೇವವೆಲ್ಲ ಒಳಗೋಡೆಗೆ ಹನಿಕಟ್ಟಿ ತಳಕ್ಕೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕು ತುಂಬಿಸಿಡುವುದು ಅದಕ್ಕಾಗಿ. ಘಟ್ಟ ಇಳಿಸಿ ತಂದ ಹಳೆಯ ಕ್ಯಾನುಗಳ ಡೀಸೆಲ್ಲನ್ನು ಜಾಳಿಗೆಯಿರುವ ಫನೆಲ್ ಇಲ್ಲದೆ ಸುರಿಯುವವರಿಗೆ ಈ ಬಟ್ಟಲನ್ನು ಅಡಿಗಡಿಗೆ ನೋಡುವ ಯೋಗ ಬರುತ್ತದೆ.

ನೀರು ಬಸಿದು, ತಿಳಿ ಡೀಸೆಲ್ಲು ಬರುವವರೆಗೆ ಬಿಟ್ಟು, ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಬೇಕು. ಹಳೆಯ ಮಾದರಿಯ ಪಂಪಿರುವ ಎಂಜಿನ್ನಿನಲ್ಲಿ ಕ್ರಮ ಪಂಪ್‌ಸೆಟ್ಟಿನದೇ: ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ ಸಾಗುತ್ತಾ, ಮೊದಲು ಎರಡನೆಯ ಫಿಲ್ಟರಿನ ಮೇಲಿನ ಏರ್ ತಿರುಪನ್ನು ಎರಡು ಸುತ್ತು ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತುವ ಸಣ್ಣ ಡೀಸೆಲ್ ಪಂಪು) ಒತ್ತುತ್ತಾ, ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ಲು ಬಂದಾಗ ಪ್ರೈಮರ್ ಒತ್ತುತ್ತಿರುವಂತೆಯೇ ತಿರುಪು ಬಿಗಿಯಬೇಕು, ಆಮೇಲೆ ಪಂಪಿನ ಮೇಲಿನ ತಿರುಪಿಗೂ ಅದೇ ಕೆಲಸ, ಆಗಲೂ ಹತ್ತದಿದ್ದರೆ ನಾಝಲ್‌ಗಳ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು, ಡೀಸೆಲ್ಲು ಚಿಮ್ಮಿದ ಮೇಲೆ ಬಿಗಿಯಬೇಕು. ಪ್ರೈಮರ್ ಒತ್ತಿದರೆ ಕೈಗೆ ಬಲವೇ ಸಿಗುತ್ತಿಲ್ಲವೆಂದರೆ ಕ್ಯಾಮ್ ಅದರ ಮೇಲೆ ಕುಳಿತಿದೆ, ಎಂಜಿನ್ನನ್ನು ಒಂದು ಸುತ್ತು ತಿರುವಿ ಮತ್ತೆ ಒತ್ತಬೇಕು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ನಾಝಲ್ ಪೈಪಿನಿಂದ ಚಿಮ್ಮುವ ಡೀಸೆಲ್ಲಿನ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದು ಆಸ್ಪತ್ರೆಯ ತುರ್ತು ಪ್ರಕರಣ, ಬೆರಳು ಕಳೆದುಕೊಳ್ಳುವ ಸಂಭವವಿದೆ. ಸೋರಿಕೆಯನ್ನು ಬೆರಳಿನಿಂದಲ್ಲ, ರಟ್ಟಿನ ತುಂಡು ಹಿಡಿದು ಹುಡುಕಬೇಕು. ಎರಡನೆಯದಾಗಿ, ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಹೊಸ ಕಾಮನ್ ರೇಲ್ ಎಂಜಿನ್ನುಗಳಲ್ಲಿ ಒತ್ತಡ 1000 ಬಾರ್ ಮೀರಿರುವುದರಿಂದ ನಾಝಲ್ ಪೈಪುಗಳನ್ನು ಮುಟ್ಟಲೇಬಾರದು. ಅಂಥ ಎಂಜಿನ್ನಿನಲ್ಲಿ ಫಿಲ್ಟರಿನ ಏರ್ ತೆಗೆಯುವಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಏರ್ ತೆಗೆದ ಹತ್ತು ನಿಮಿಷಕ್ಕೆ ಮತ್ತೆ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಆ ಭಾಗ ಹೀರುವ ಕಡೆಯದಾದ್ದರಿಂದ ಹೊರಗೆ ಹನಿ ಸೋರುವುದಿಲ್ಲ, ಕಣ್ಣಿಗೆ ಏನೂ ಕಾಣದು. ಪ್ರತಿಯೊಂದು ಕ್ಲಿಪ್ಪನ್ನು, ಫಿಲ್ಟರ್ ಬಟ್ಟಲಿನ ವಾಶರನ್ನು ಬಿಗಿದು ನೋಡಬೇಕು. ಅದೂ ಆಗದಿದ್ದರೆ ಎಂಜಿನ್ನಿಗಿಂತ ಎತ್ತರದಲ್ಲಿ ಒಳ್ಳೆಯ ಡೀಸೆಲ್ಲಿನ ಕ್ಯಾನೊಂದನ್ನು ಗಟ್ಟಿಯಾಗಿ ಕಟ್ಟಿ, ಅದರಿಂದ ಪಂಪಿಗೆ ನೇರ ಹೋಸ್ ಕೊಡುವುದು ಒಳ್ಳೆಯ ತಾತ್ಕಾಲಿಕ ಉಪಾಯ. ನಾಝಲ್‌ಗಳಿಂದ ಮರಳುವ ಓವರ್‌ಫ್ಲೋ ಪೈಪನ್ನೂ ಅದೇ ಕ್ಯಾನಿಗೆ ಬಿಡದಿದ್ದರೆ ಕ್ಯಾನು ಎಣಿಕೆಗಿಂತ ಬೇಗ ಖಾಲಿಯಾಗುತ್ತದೆ. ಕ್ಯಾನು ಬಿಸಿ ಹೊಗೆಕೊಳವೆಯಿಂದ ದೂರವಿರಬೇಕು, ಒಬ್ಬರು ಅದರ ಪಕ್ಕದಲ್ಲಿಯೇ ಇರಬೇಕು.

ಬಿಸಿಯ ಮುಳ್ಳು ಏರುತ್ತಿದೆ, ಅಥವಾ ಅಲಾರಂ ಕೂಗುತ್ತಿದೆ

ಮುಳ್ಳಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹೊಗೆಕೊಳವೆಯಿಂದ ಬುಳಕ್ ಬುಳಕ್ ಎಂದು ನೀರು ಉಗುಳುತ್ತಾ ಬರುವ ಸದ್ದು ಒಣಗಿ, ಟೊಳ್ಳಾಗಿ, ಜೋರಾಗಿ ಕೇಳತೊಡಗಿದರೆ ನೀರು ನಿಂತಿದೆ. ಪ್ರತಿ ಸಲ ಎಂಜಿನ್ ಹತ್ತಿಸಿದ ಕೂಡಲೇ ಹಿಂಬದಿಗೆ ಬಗ್ಗಿ ನೀರು ಬರುತ್ತಿದೆಯೇ ಎಂದು ನೋಡುವುದು ಅಭ್ಯಾಸವಾಗಬೇಕು.

ಬಿಸಿಯಾದಾಗ ಮೊದಲು ವೇಗ ಇಳಿಸಿ ನ್ಯೂಟ್ರಲ್‌ಗೆ ತನ್ನಿ. ಹಿಂಬದಿಯಲ್ಲಿ ನೀರು ಬರುತ್ತಲೇ ಇದ್ದರೆ ಒಂದೆರಡು ನಿಮಿಷ ಹಾಗೆಯೇ ಓಡಲು ಬಿಡಬಹುದು. ನೀರು ಬರುತ್ತಿಲ್ಲವಾದರೆ ತಕ್ಷಣ ನಿಲ್ಲಿಸಬೇಕು. ಎಂಜಿನ್ನಿನೊಳಗೆ ಸುತ್ತುವ ಸಿಹಿನೀರಿನ (ಕೂಲೆಂಟಿನ) ಟ್ಯಾಂಕಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆದರೆ ಕುದಿಯುವ ಕೂಲೆಂಟ್ ಮುಖಕ್ಕೆ ಹಾರುತ್ತದೆ. ಕೈಯಿಟ್ಟರೆ ತಡೆದುಕೊಳ್ಳುವಷ್ಟು ಆರಿದ ಮೇಲೆಯೇ ಅದಕ್ಕೆ ಕೈಹಾಕಬೇಕು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಹುಡುಕುವ ದಾರಿ ನೀರು ಬರುವ ದಾರಿಯೇ. ಕಡಲ ನೀರಿನ ವಾಲ್ವ್ ತೆರೆದಿದೆಯೇ? ಕಸ ಸೋಸುವ ಸ್ಟ್ರೇನರಿನ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಚೀಲ, ಜೆಲ್ಲಿ ಮೀನು, ನದಿ ಮುಖದ ಎಲೆಕಸ ತುಂಬಿದೆಯೇ? ವಾಲ್ವ್ ಮುಚ್ಚಿಕೊಂಡೇ ಬುಟ್ಟಿ ತೆಗೆಯಬೇಕು. ಬುಟ್ಟಿ ಸ್ವಚ್ಛವಿದ್ದರೆ ವಾಲ್ವಿನ ಮೇಲಿನ ಹೋಸನ್ನು ಬಿಚ್ಚಿ ವಾಲ್ವನ್ನು ಸ್ವಲ್ಪವೇ ತೆರೆದು ನೋಡಿ. ನೀರು ಜೋರಾಗಿ ನುಗ್ಗದಿದ್ದರೆ ಬೋಟಿನ ತಳದ ತೂತಿಗೆ ಹೊರಗಿನಿಂದ ಏನೋ ಅಂಟಿದೆ. ಸ್ವಲ್ಪ ಹಿಂದಕ್ಕೆ ತೇಲಲು ಬಿಟ್ಟರೆ ಪ್ಲಾಸ್ಟಿಕ್ ಹಾಳೆ ತಾನಾಗಿ ಕಳಚುವುದುಂಟು.

ಅಲ್ಲಿಯವರೆಗೆ ನೀರು ಬರುತ್ತಿದ್ದರೆ ಮುಂದಿನದು ಕಡಲ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್. ಪಂಪಿನ ಮುಖದ ತಗಡಿನ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಅದು ಕಾಣುತ್ತದೆ. ನೀರಿಲ್ಲದೆ ಅರೆನಿಮಿಷ-ನಿಮಿಷ ಓಡಿದರೂ ಅದರ ರೆಕ್ಕೆಗಳು ಸುಟ್ಟು, ಬುಡದಲ್ಲಿ ಬಿರುಕು ಬಿಟ್ಟು ಮುರಿಯುತ್ತವೆ. ಮುರಿದ ರೆಕ್ಕೆಗಳನ್ನು ಎಣಿಸಿ, ಸಿಕ್ಕ ತುಂಡುಗಳನ್ನು ಒಂದೊಂದಾಗಿ ಹಳೆಯ ಇಂಪೆಲ್ಲರಿಗೆ ಜೋಡಿಸಿ ನೋಡಬೇಕು. ಒಂದು ತುಂಡು ಕಡಿಮೆ ಬಿದ್ದರೂ ಅದು ಮುಂದಿನ ಹೋಸಿನ ಬಾಗಿನಲ್ಲೋ ಕಡಲ ನೀರು ಕೂಲೆಂಟನ್ನು ತಂಪಾಗಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೋ ಕುಳಿತಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಬಿಸಿ ಇಳಿಯುವುದಿಲ್ಲ. ಹೊಸದನ್ನು ಕೂರಿಸುವಾಗ ಸಾಬೂನು ನೀರು ಅಥವಾ ಗ್ಲಿಸರಿನ್ ಸವರಿ. ಮಾಮೂಲು ಗ್ರೀಸು ರಬ್ಬರನ್ನು ತಿನ್ನುತ್ತದೆ.

ಬಿಸಿಯ ಅಲಾರಂ ಮತ್ತು ಬ್ಯಾಟರಿ ಚಾರ್ಜಿನ ಕೆಂಪು ದೀಪ ಎರಡೂ ಒಟ್ಟಿಗೆ ಬಂದರೆ ಇಷ್ಟೆಲ್ಲ ಹುಡುಕುವ ಮೊದಲು ಬೆಲ್ಟು ನೋಡಿ. ಬಹಳಷ್ಟು ಎಂಜಿನ್ನುಗಳಲ್ಲಿ ಆಲ್ಟರ್ನೇಟರನ್ನೂ ಸಿಹಿನೀರಿನ ಪಂಪನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ.

ಕಡಲ ನೀರು ಚೆನ್ನಾಗಿ ಬರುತ್ತಿದ್ದು, ಕೂಲೆಂಟ್ ತುಂಬಿದ್ದು, ಬೆಲ್ಟು ಬಿಗಿಯಿದ್ದೂ ಬಿಸಿ ಏರಿದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ಅದನ್ನು ತೆಗೆದಿಟ್ಟು ನಿಧಾನವಾಗಿ ಬಂದರು ಸೇರಬಹುದು. ನೀರು ಮತ್ತು ಹೊಗೆ ಕೂಡುವ ಬಾಗುಕೊಳವೆ ಇಂಗಾಲ, ಉಪ್ಪಿನಿಂದ ಕಟ್ಟಿರುವ ಸಾಧ್ಯತೆಯೂ ಇದೆ, ಅದು ದಡದ ಕೆಲಸ. ಆಯಿಲ್ ಕೋಲು ಎಳೆದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ನೀರು ಆಯಿಲ್‌ಗೆ ಸೇರಿದೆ. ಪ್ರಾಣಾಪಾಯ ಎದುರಿಗಿಲ್ಲದಿದ್ದರೆ ಆ ಎಂಜಿನ್ನನ್ನು ಮತ್ತೆ ಹತ್ತಿಸಬಾರದು.

ಹೊಗೆಯ ಬಣ್ಣ ಬದಲಾಗಿದೆ

ಕಪ್ಪು ಹೊಗೆ ಎಂದರೆ ಗಾಳಿ ಸಾಲುತ್ತಿಲ್ಲ ಅಥವಾ ಹೊರೆ ಹೆಚ್ಚಾಗಿದೆ. ಗಾಳಿಯ ಫಿಲ್ಟರಿನ ಬಳಿಕ ಫ್ಯಾನಿಗೆ ಬಲೆ ಸುತ್ತಿದೆಯೇ, ತಳಕ್ಕೆ ಚಿಪ್ಪು ಬೆಳೆದಿದೆಯೇ ಎಂದು ಯೋಚಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುವ ಗುರುತು. ಆಯಿಲ್ ಮಟ್ಟ ನೋಡುತ್ತಾ ಮನೆ ಸೇರಬಹುದು. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ತಾನಾಗಿಯೇ ವೇಗವೇರುತ್ತಾ ನಿಲ್ಲಿಸುವ ಹಿಡಿಗೂ ಜಗ್ಗದಿದ್ದರೆ ಗಾಳಿ ಒಳಗೆ ಹೋಗುವ ಬಾಯಿಗೆ ಗಟ್ಟಿ ಹಲಗೆ ಅಡ್ಡ ಹಿಡಿದು ಉಸಿರು ಕಟ್ಟಿಸಬೇಕು. ಅಂಗೈ ಅಡ್ಡ ಇಡಬಾರದು.

ಎಂಜಿನ್ ಓಡುತ್ತದೆ, ಬೋಟು ಸಾಗುವುದಿಲ್ಲ

ಗೇರಿನ ಹಿಡಿ ಆಡಿಸುವಾಗ ಒಬ್ಬರು ಗೇರ್‌ಬಾಕ್ಸಿನ ಬಳಿ ನೋಡಬೇಕು. ಹಿಡಿ ಆಡಿದರೂ ಅಲ್ಲಿಯ ಲಿವರ್ ಆಡದಿದ್ದರೆ ಕೇಬಲ್ ಕಳಚಿದೆ. ಎಂಜಿನ್ ನಿಲ್ಲಿಸಿ ಲಿವರನ್ನು ಕೈಯಿಂದಲೇ ಮುಂದಕ್ಕೆ ತಳ್ಳಿ ಹತ್ತಿಸಬಹುದು, ಆದರೆ ಆಗ ಬೋಟಿಗೆ ನ್ಯೂಟ್ರಲ್ ಇಲ್ಲವೆಂಬುದನ್ನು ಜೆಟ್ಟಿಯ ಬಳಿ ಮರೆಯಬಾರದು. ಲಿವರ್ ಆಡಿಯೂ ಶಾಫ್ಟ್ ತಿರುಗದಿದ್ದರೆ ಗೇರ್ ಆಯಿಲ್ ನೋಡಿ. ಶಾಫ್ಟ್ ತಿರುಗುತ್ತಿದ್ದೂ ಬೋಟು ಸಾಗದಿದ್ದರೆ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಚಾವಿ ತುಂಡಾಗಿದೆ, ಇಲ್ಲವೇ ಪ್ರೊಪೆಲ್ಲರೇ ಕಳಚಿ ಬಿದ್ದಿದೆ.

ಫ್ಯಾನಿಗೆ ಬಲೆ ಸುತ್ತಿದ್ದರೆ ಲಕ್ಷಣ ಬೇರೆ: ಧಡಧಡ ನಡುಕ, ಕಪ್ಪು ಹೊಗೆ, ಎಂಜಿನ್ ಬಿಗಿದು ನಿಲ್ಲುವುದು. ನೈಲಾನ್ ಹಗ್ಗ ಶಾಫ್ಟಿನ ಬಿಸಿಗೆ ಕರಗಿ ಗಟ್ಟಿ ಗಂಟಾಗುತ್ತದೆ, ಹಿಂದಕ್ಕೂ ಮುಂದಕ್ಕೂ ಗೇರು ಹಾಕಿ ಬಿಡಿಸುವ ಪ್ರಯತ್ನ ಅದನ್ನು ಇನ್ನಷ್ಟು ಬಿಗಿಯುತ್ತದೆ. ತೇಲುವ ತುದಿ ಕೈಗೆ ಸಿಕ್ಕರೆ, ಎಂಜಿನ್ ನಿಲ್ಲಿಸಿ, ಶಾಫ್ಟನ್ನು ಒಳಗಿನಿಂದ ಕೈಯಲ್ಲಿ ಹಿಂದಕ್ಕೆ ತಿರುವುತ್ತಾ ಎಳೆದು ನೋಡಬಹುದು. ನೀರಿಗಿಳಿಯುವುದಾದರೆ ಲಂಗರು ಹಾಕಿರಬೇಕು, ಎಂಜಿನ್ ಕೀಲಿ ಇಳಿಯುವವರ ಕೊರಳಲ್ಲಿರಬೇಕು, ಸೊಂಟಕ್ಕೆ ಹಗ್ಗ ಕಟ್ಟಿರಬೇಕು. ಅಲೆಗೆ ಬೋಟಿನ ಹಿಂಬದಿ ಎದ್ದು ಬೀಳುತ್ತಿದ್ದರೆ ಇಳಿಯಲೇಬಾರದು; ತಲೆಗೆ ಪೆಟ್ಟು ಬಿದ್ದರೆ ಮೇಲೆತ್ತುವವರಿಲ್ಲ. ಕೆರೆ-ಬಾವಿಯಲ್ಲಿ ಈಜು ಕಲಿತ ನಮ್ಮವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ.

ಆಯಿಲ್ ದೀಪ ಹತ್ತಿದೆ, ಒಳಗೆ ಬಡಿತ ಕೇಳುತ್ತಿದೆ

ತಕ್ಷಣ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದು, ಸೋರಿಕೆ ಕಂಡು ಅದನ್ನು ತಡೆದಿದ್ದರೆ ತುಂಬಿಸಿ ಹತ್ತಿಸಬಹುದು. ಮಟ್ಟ ಸರಿಯಿದ್ದು, ಸ್ವಿಚ್ಚಿನ ತಂತಿಯೂ ನೆಟ್ಟಗಿದ್ದು ದೀಪ ಆರದಿದ್ದರೆ, ಅಥವಾ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದಿದ್ದರೆ ಎಂಜಿನ್ ಕೆಲಸ ಅಲ್ಲಿಗೆ ಮುಗಿಯಿತು, ಎಳೆಸಿಕೊಂಡು ಹೋಗಬೇಕು.

ಬೋಟಿನ ತಳದಲ್ಲಿ ನೀರು ಏರುತ್ತಿದೆ

ತಳದ ನೀರು ಹೊರಹಾಕುವ ಪಂಪು ಹಾಕಿ, ನಾಲಗೆಗೆ ಒಂದು ಹನಿ ಮುಟ್ಟಿಸಿ ನೋಡಿ. ಸಿಹಿಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕು ಸೋರಿದೆ. ಉಪ್ಪಾಗಿದ್ದರೆ ಎಂಜಿನ್ ನಿಲ್ಲಿಸಿ ನೋಡಬೇಕು: ನೀರು ಏರುವುದು ನಿಂತರೆ ತಂಪುನೀರಿನ ಹೋಸ್ ಒಡೆದು ಎಂಜಿನ್ನೇ ಬೋಟಿಗೆ ನೀರು ತುಂಬುತ್ತಿತ್ತು, ನಿಲ್ಲದಿದ್ದರೆ ತಳದ ವಾಲ್ವುಗಳು, ಅವುಗಳ ಹೋಸುಗಳು ಮತ್ತು ಶಾಫ್ಟ್ ಹೊರಹೋಗುವ ಗ್ಲ್ಯಾಂಡ್. ಹುರಿ ತುಂಬಿದ ಗ್ಲ್ಯಾಂಡಿನಿಂದ ಓಡುವಾಗ ಹನಿ ತೊಟ್ಟಿಕ್ಕುವುದು ಸಹಜ, ಧಾರೆ ಸಹಜವಲ್ಲ. ಎರಡು ನಟ್ಟುಗಳನ್ನು ಸಮನಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪ್ರತಿ ವಾಲ್ವಿನ ಪಕ್ಕದಲ್ಲಿ ಆ ತೂತಿಗೆ ತಕ್ಕ ಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಟ್ಟಿರಬೇಕು. ಪಂಪು ಹೊರಹಾಕುವುದಕ್ಕಿಂತ ನೀರು ಬರುವುದೇ ಹೆಚ್ಚಾದರೆ ದುರಸ್ತಿಯ ಯೋಚನೆ ಬಿಟ್ಟು ರೇಡಿಯೋ ಹಿಡಿಯಬೇಕು.

ಔಟ್‌ಬೋರ್ಡ್ ಹತ್ತುವುದಿಲ್ಲ

ಮಣಿಕಟ್ಟಿಗೆ ಕಟ್ಟುವ, ಕಳಚಿದರೆ ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ಪು ಕಳಚಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಹೋಸಿನ ರಬ್ಬರ್ ಬಲ್ಬ್ ಒತ್ತಿದಾಗ ಗಟ್ಟಿಯಾಗುತ್ತದೆಯೇ? ಇವು ಮೂರೂ ಸರಿಯಿದ್ದರೆ ಪ್ಲಗ್ ಬಿಚ್ಚಬೇಕು: ಒದ್ದೆಯಿದ್ದರೆ ಒರೆಸಿ ಒಣಗಿಸಿ, ಪೂರ್ತಿ ಒಣಗಿದ್ದರೆ ಇಂಧನದ ದಾರಿ ನೋಡಿ. ಪ್ಲಗ್ ಬಿಚ್ಚಿಟ್ಟು ಕಿಡಿ ನೋಡುವ ಮೊದಲು ಚೆಲ್ಲಿದ ಪೆಟ್ರೋಲು ಒರೆಸಿ ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ಬೋಟಿನ ತಳದಲ್ಲಿಯೇ ಕುಳಿತಿರುತ್ತದೆ. ಓಡುವಾಗ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತರೆ ಆ ತೂತಿಗೆ ತೆಳು ತಂತಿ ಆಡಿಸಿ ನೋಡಬೇಕು, ಬಹಳ ಸಲ ಕಟ್ಟಿರುವುದು ಅಲ್ಲಿಯೇ.

ಯಾವಾಗ ನೆರವು ಕರೆಯಬೇಕು

ಲಂಗರು ಹಿಡಿಯದೆ ಬಂಡೆಯ ಕಡೆ ತೇಲುತ್ತಿದ್ದರೆ, ಬೆಂಕಿ ಅಥವಾ ನೀರು ಹತೋಟಿ ಮೀರಿದರೆ, ಯಾರಿಗಾದರೂ ಗಾಯವಾಗಿದ್ದರೆ, ಒಂದು ಗಂಟೆಯೊಳಗೆ ಕತ್ತಲಾಗುವಂತಿದ್ದರೆ ರಿಪೇರಿ ಮುಗಿಯುವವರೆಗೆ ಕಾಯಬಾರದು. ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ, ಪ್ರಾಣಾಪಾಯವಿದ್ದರೆ ‘ಮೇಡೇ’ ಎಂದು ಮೂರು ಸಲ, ಅಪಾಯ ಇನ್ನೂ ಎದುರಿಗೆ ಬಂದಿಲ್ಲವಾದರೆ ‘ಪ್ಯಾನ್-ಪ್ಯಾನ್’ ಎಂದು ಮೂರು ಸಲ ಹೇಳಿ, ಬೋಟಿನ ಹೆಸರು, ಅಕ್ಷಾಂಶ-ರೇಖಾ‌ಂಶ, ಏನಾಗಿದೆ, ಎಷ್ಟು ಜನರಿದ್ದಾರೆ ಎಂಬುದನ್ನು ನಿಧಾನವಾಗಿ ಹೇಳಬೇಕು. ಮೊಬೈಲ್ ಸಿಗುವಲ್ಲಿ ಕೋಸ್ಟ್ ಗಾರ್ಡ್‌ನ ಶುಲ್ಕವಿಲ್ಲದ ಸಂಖ್ಯೆ 1554, ಪೊಲೀಸ್ ತುರ್ತು ಸಂಖ್ಯೆ 112. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಮತ್ತು ಅಂಜದೀವ ದ್ವೀಪದ ಸುತ್ತಲಿನ ನೀರು ನಿರ್ಬಂಧಿತ. ಬೋಟು ಅತ್ತ ತೇಲುತ್ತಿದ್ದರೆ ಮುಂಚಿತವಾಗಿಯೇ ರೇಡಿಯೋದಲ್ಲಿ ತಿಳಿಸುವುದು ಎಲ್ಲರಿಗೂ ಒಳ್ಳೆಯದು.

ಮೀನುಗಾರರ ಬೋಟು ಎಳೆಯಲು ಬಂದರೆ ಹಗ್ಗವನ್ನು ಮುಂಬದಿಯ ಗಟ್ಟಿ ಗೂಟಕ್ಕೆ, ಬೇಕಾದಾಗ ಬಿಚ್ಚಲಾಗುವಂಥ ಗಂಟಿನಿಂದ ಕಟ್ಟಿ, ಉದ್ದವಾಗಿ ಬಿಟ್ಟು, ಆ ಹಗ್ಗದ ನೇರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಬೇಕು. ಎಷ್ಟು ವೇಗದಲ್ಲಿ, ಯಾವ ಬಂದರಿಗೆ ಎಂಬುದನ್ನು ತಾಂಡೇಲರ ಜೊತೆ ಹಗ್ಗ ಕಟ್ಟುವ ಮೊದಲೇ ಮಾತಾಡಿಕೊಳ್ಳಬೇಕು.

ದಡ ಸೇರಿದ ಮೇಲೆ

ಪಂಪು ಮತ್ತು ನಾಝಲ್‌ಗಳ ಕೆಲಸವನ್ನು ಕ್ಯಾಲಿಬ್ರೇಶನ್ ಯಂತ್ರವಿರುವ ಅಂಗಡಿಯಲ್ಲಿಯೇ ಮಾಡಿಸಬೇಕು; ಲಾರಿ-ಟ್ರ್ಯಾಕ್ಟರುಗಳ ಊರಾದ ಹುಬ್ಬಳ್ಳಿಯಲ್ಲಿ ಅದಕ್ಕೆ ತೊಂದರೆಯಿಲ್ಲ. ಬಿಚ್ಚಿದ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಪಂಪನ್ನು ಬಿಚ್ಚುವ ಮೊದಲು ಅದು ಕುಳಿತಿದ್ದ ಸ್ಥಾನಕ್ಕೆ ಗೆರೆ ಎಳೆದು ತಂದರೆ ಟೈಮಿಂಗ್ ಕೂರಿಸುವುದು ಸುಲಭ. ಇಂಪೆಲ್ಲರ್, ಗ್ಲ್ಯಾಂಡ್ ಹುರಿಯಂಥ ಬೋಟಿನದೇ ಸಾಮಾನುಗಳನ್ನು ಮಾತ್ರ ಕಾರವಾರ ಅಥವಾ ಮಲ್ಪೆಯ ಕಡೆ ಕೊಳ್ಳುವುದು ಒಳ್ಳೆಯದು. ಎರಡು ಡೀಸೆಲ್ ಫಿಲ್ಟರ್, ಒಂದು ಇಂಪೆಲ್ಲರ್ ಮತ್ತು ಅದರ ಗ್ಯಾಸ್ಕೆಟ್, ಒಂದು ಬೆಲ್ಟು, ಹೋಸ್ ಕ್ಲಿಪ್ಪುಗಳು, ಐದು ಲೀಟರ್ ಆಯಿಲ್, ತಾಮ್ರದ ವಾಶರುಗಳು ಬೋಟಿನಲ್ಲಿ ಸದಾ ಇರಲಿ.

ಎಂಜಿನ್ನಿನೊಳಗೆ ಉಪ್ಪುನೀರು ಹೋಗಿದ್ದರೆ ಮಾತ್ರ ಘಟ್ಟ ಹತ್ತಿಸುವವರೆಗೆ ಕಾಯುವಂತಿಲ್ಲ. ನಾಝಲ್‌ಗಳನ್ನು ಕಳಚಿ, ಎಂಜಿನ್ನನ್ನು ಕೈಯಿಂದ ತಿರುವಿ ನೀರು ಹೊರಹಾಕಿ, ಹಳೆಯ ಆಯಿಲ್ ಬಸಿದು ಹೊಸದು ತುಂಬಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ತಿರುವುವ ಕೆಲಸವನ್ನು ಅದೇ ದಿನ, ಜೆಟ್ಟಿಯಲ್ಲಿಯೇ, ಅಲ್ಲಿಯ ಮೆಕ್ಯಾನಿಕ್ಕನ್ನು ಕರೆಸಿ ಮಾಡಿಸಬೇಕು. ಒಂದು ರಾತ್ರಿ ಹಾಗೆಯೇ ಬಿಟ್ಟರೆ ರಿಂಗುಗಳು ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ, ಆಮೇಲೆ ಹುಬ್ಬಳ್ಳಿಗೆ ಬರುವುದು ಪೂರ್ತಿ ಬಿಚ್ಚಿ ಬೋರ್ ಹೊಡೆಸಬೇಕಾದ ಎಂಜಿನ್.